ಬಸ್, ಲಾರಿ ಡೀಸೆಲ್ ಮೆಕ್ಯಾನಿಕ್ ವೃತ್ತಿ: ಕರ್ನಾಟಕದಲ್ಲಿ ಇಂದಿನ ನೆಲೆ, ಮುಂದಿನ ದಾರಿ

ಡೀಸೆಲ್ ಎಂಜಿನ್ನಿನಿಂದ ಓಡುವ ಬಸ್ಸು, ಲಾರಿ, ಟಿಪ್ಪರ್, ಟ್ರೇಲರ್‌ಗಳ ದೋಷ ಹುಡುಕಿ ಸರಿಪಡಿಸುವ, ಕಾಲಕಾಲಕ್ಕೆ ಅವುಗಳ ಆರೈಕೆ ನೋಡಿಕೊಳ್ಳುವ ಕುಶಲಕರ್ಮಿಯನ್ನು ಡೀಸೆಲ್ ಮೆಕ್ಯಾನಿಕ್ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಕೆಲಸಗಾರರು ಮುಖ್ಯವಾಗಿ ಮೂರು ಕಡೆ ಸಿಗುತ್ತಾರೆ: ಸಾರಿಗೆ ನಿಗಮಗಳ ಘಟಕಗಳಲ್ಲಿ, ವಾಹನ ಕಂಪನಿಗಳ ಅಧಿಕೃತ ಸರ್ವೀಸ್ ಕೇಂದ್ರಗಳಲ್ಲಿ, ಮತ್ತು ಹೆದ್ದಾರಿ ಬದಿ, ಟ್ರಕ್ ಟರ್ಮಿನಲ್, ಎಪಿಎಂಸಿ ಪ್ರಾಂಗಣಗಳ ಸುತ್ತ ಹಬ್ಬಿರುವ ಖಾಸಗಿ ಗ್ಯಾರೇಜುಗಳಲ್ಲಿ. ಮೂರೂ ಕಡೆ ಹಿಡಿಯುವ ಸ್ಪ್ಯಾನರ್ ಒಂದೇ ಆದರೂ ಸಂಬಳ, ಭದ್ರತೆ, ಕಲಿಕೆ, ಬಡ್ತಿ ಎಲ್ಲವೂ ಬೇರೆ ಬೇರೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮ ಮತ್ತು ಅದರ ಬೆನ್ನಿಗೇ ರಸ್ತೆಗಿಳಿದ ವಿದ್ಯುತ್ ಬಸ್ಸುಗಳು ಈ ವೃತ್ತಿಯ ಸ್ವರೂಪವನ್ನೇ ಬದಲಿಸುತ್ತಿವೆ. ಡೀಸೆಲ್ ಕೆಲಸ ಸದ್ಯಕ್ಕೆ ಮುಗಿಯುವುದಿಲ್ಲ. ಅದು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದು ಮಾತ್ರ ಬರುವ ಹತ್ತು ಹದಿನೈದು ವರ್ಷಗಳಲ್ಲಿ ತೀರ್ಮಾನವಾಗಲಿದೆ.

ಹಿನ್ನೆಲೆ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದಾಗ ಅದು ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗವನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿನ ಉಗಿ ಎಂಜಿನ್ನುಗಳಿಗೆ ಹೋಲಿಸಿದರೆ ಇದು ದೊಡ್ಡ ಜಿಗಿತ. ಪೆಟ್ರೋಲ್ ಎಂಜಿನ್ನಿನಂತೆ ಇಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಗೆ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಂಜಿನ್ನಿನ ಆರೋಗ್ಯವೆಲ್ಲ ಎರಡು ಸಂಗತಿಗಳ ಮೇಲೆ ನಿಂತಿದೆ: ಒತ್ತಿದ ಗಾಳಿ ಸೋರದಿರುವುದು, ಇಂಧನ ಸರಿಯಾದ ಕ್ಷಣಕ್ಕೆ ಸರಿಯಾದ ಅಳತೆಯಲ್ಲಿ ಬೀಳುವುದು. ಪಿಸ್ಟನ್, ರಿಂಗ್, ಲೈನರ್, ವಾಲ್ವ್, ಹೆಡ್ ಗ್ಯಾಸ್ಕೆಟ್‌ಗಳ ಕೆಲಸ ಮೊದಲನೆಯದಕ್ಕೆ ಸೇರಿದ್ದು. ಪಂಪು, ನಾಜಲ್‌ಗಳ ಕೆಲಸ ಎರಡನೆಯದಕ್ಕೆ.

ಈ ಎರಡನೆಯ ಕೆಲಸಕ್ಕೂ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ನಾಜಲ್‌ಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಪಂಪು ಇಂದಿಗೂ ‘ಮೈಕೊ ಪಂಪೇ’. ಪಂಪ್ ಬಿಚ್ಚಿ ಟೆಸ್ಟ್ ಬೆಂಚಿನ ಮೇಲೆ ಕೂರಿಸಿ ಕ್ಯಾಲಿಬ್ರೇಷನ್ ಮಾಡುವವರು ಗ್ಯಾರೇಜಿನ ಒಳಗೇ ಬೇರೆ ದರ್ಜೆಯವರಾಗಿ ಬೆಳೆದರು. ದೂಳು ಬೀಳದ ಪ್ರತ್ಯೇಕ ಕೋಣೆ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ ಪ್ಲಂಜರ್‌ಗಳು. ಎಂಜಿನ್ ಇಳಿಸುವವರಿಗಿಂತ ಇವರ ಕೂಲಿ ಹೆಚ್ಚು, ಮರ್ಯಾದೆಯೂ ಹೆಚ್ಚು.

ದೇಶದಲ್ಲಿ ಭಾರಿ ವಾಹನಗಳ ತಯಾರಿಕೆಗೆ ಬುನಾದಿ ಬಿದ್ದುದು 1950ರ ದಶಕದಲ್ಲಿ. ಇಂದಿನ ಟಾಟಾ ಮೋಟಾರ್ಸ್, ಅಂದಿನ ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿತು. 1948ರಲ್ಲಿ ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಮುಂದಿನ ನಲವತ್ತು ವರ್ಷ ನಮ್ಮ ರಸ್ತೆಗಳಲ್ಲಿ ಈ ಎರಡು ಕಂಪನಿಗಳ ಗಾಡಿಗಳದೇ ರಾಜ್ಯಭಾರ. ಮಾದರಿಗಳು ಕಡಿಮೆ, ಬದಲಾವಣೆ ನಿಧಾನ. ಹೀಗಾಗಿ ಒಮ್ಮೆ ಕೈಗೂಡಿದ ವಿದ್ಯೆ ಮೂವತ್ತು ವರ್ಷ ಅನ್ನ ಹಾಕುತ್ತಿತ್ತು. ಉಸ್ತಾದ್ ಹೇಳಿಕೊಟ್ಟದ್ದನ್ನೇ ಶಿಷ್ಯ ತನ್ನ ಶಿಷ್ಯನಿಗೆ ಹೇಳಿಕೊಡಬಹುದಿತ್ತು. ಇಂದಿನ ಆತಂಕ ಎಷ್ಟು ಆಳದ್ದು ಎಂದು ತಿಳಿಯಬೇಕಾದರೆ ಆ ದೀರ್ಘ ನೆಮ್ಮದಿಯ ಕಾಲವನ್ನು ನೆನಪಿಡಬೇಕು.

ಸಾರಿಗೆ ನಿಗಮಗಳಲ್ಲಿ

1948ರಲ್ಲಿ 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು, ಅದೇ ಇಂದಿನ ಕೆಎಸ್ಸಾರ್ಟಿಸಿ. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ (ಬಿಎಂಟಿಸಿ) ಮತ್ತು ಹುಬ್ಬಳ್ಳಿ ಕೇಂದ್ರದ ವಾಯವ್ಯ ಸಾರಿಗೆ, 2000ದಲ್ಲಿ ಇಂದು ಕಲ್ಯಾಣ ಕರ್ನಾಟಕ ಸಾರಿಗೆ ಎಂದು ಕರೆಯುವ ಕಲಬುರಗಿ ಕೇಂದ್ರದ ನಿಗಮ ಪ್ರತ್ಯೇಕವಾದವು. ನಾಲ್ಕೂ ನಿಗಮಗಳದು ಸೇರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಸ್ಸುಗಳು. ರಾಜ್ಯದಲ್ಲಿ ಡೀಸೆಲ್ ಮೆಕ್ಯಾನಿಕ್‌ಗಳಿಗೆ ಒಂದೇ ಛತ್ರದಡಿ ಇಷ್ಟು ಕೆಲಸ ಕೊಡುವ ಬೇರೆ ಸಂಸ್ಥೆಯಿಲ್ಲ.

ಘಟಕದ ಕೆಲಸಕ್ಕೆ ತನ್ನದೇ ಶಿಸ್ತಿದೆ. ಸಂಜೆ ಬಸ್ ಒಳಗೆ ಬಂದಾಗ ಚಾಲಕ ದೂರು ಬರೆದಿಡುತ್ತಾನೆ: ಬ್ರೇಕ್ ಎಡಕ್ಕೆ ಎಳೆಯುತ್ತದೆ, ಕ್ಲಚ್ ಜಾರುತ್ತದೆ, ಗಾಳಿ ನಿಲ್ಲುವುದಿಲ್ಲ. ರಾತ್ರಿ ಪಾಳಿಯವರು ಅದನ್ನು ಸರಿಮಾಡಿ ಬೆಳಗಿನ ಶೆಡ್ಯೂಲಿಗೆ ಗಾಡಿ ಬಿಡಬೇಕು. ಇದರ ಜೊತೆಗೆ ನಿಗದಿತ ಕಿಲೋಮೀಟರ್ ಮುಗಿದ ಬಸ್ಸನ್ನು ನಿಲ್ಲಿಸಿ ಅಡಿಯಿಂದ ಮುಡಿಯವರೆಗೆ ನೋಡುವ ‘ಡಾಕಿಂಗ್’ ಇದೆ. ಎಂಜಿನ್, ಗೇರ್‌ಬಾಕ್ಸ್‌ಗಳ ಪೂರ್ಣ ರಿಪೇರಿಯಂಥ ದೊಡ್ಡ ಕೆಲಸಗಳು ವಿಭಾಗೀಯ ಕಾರ್ಯಾಗಾರಕ್ಕೋ ಕೆಂಗೇರಿ, ಹಾಸನ, ಹುಬ್ಬಳ್ಳಿ, ಯಾದಗಿರಿಗಳ ಪ್ರಾದೇಶಿಕ ಕಾರ್ಯಾಗಾರಕ್ಕೋ ಹೋಗುತ್ತವೆ. ಪ್ರತಿ 10,000 ಕಿ.ಮೀ.ಗೆ ಎಷ್ಟು ಬ್ರೇಕ್‌ಡೌನ್, ಲೀಟರ್ ಡೀಸೆಲಿಗೆ ಎಷ್ಟು ಕಿ.ಮೀ. ಎಂಬ ಎರಡು ಲೆಕ್ಕಗಳಲ್ಲಿ ಘಟಕದ ಯೋಗ್ಯತೆ ಅಳೆಯಲಾಗುತ್ತದೆ. ಎರಡೂ ಲೆಕ್ಕ ನೇರವಾಗಿ ಮೆಕ್ಯಾನಿಕ್‌ನ ಕೈಗುಣವನ್ನು ಅವಲಂಬಿಸಿವೆ. ಚಾಲಕ, ನಿರ್ವಾಹಕರನ್ನು ಪ್ರಯಾಣಿಕ ದಿನವೂ ನೋಡುತ್ತಾನೆ. ಬಸ್ಸು ಘಾಟಿಯಲ್ಲಿ ನಿಲ್ಲದೆ ಊರು ಸೇರಿಸಿದ ಈ ಮೂರನೆಯವನನ್ನು ಅವನು ನೋಡುವುದೇ ಇಲ್ಲ.

ನಿಗಮಗಳಲ್ಲಿ ಐಟಿಐ ಮುಗಿಸಿದವರು ತಾಂತ್ರಿಕ ಸಹಾಯಕರಾಗಿ ಸೇರುತ್ತಾರೆ; ಸೇವೆ, ಪರೀಕ್ಷೆಗಳ ಮೇಲೆ ಕುಶಲಕರ್ಮಿ, ಚಾರ್ಜ್‌ಮನ್ ಹಂತಗಳಿಗೆ ಏರಬಹುದು. ಮಹಿಳಾ ತಾಂತ್ರಿಕ ಸಹಾಯಕಿಯರೂ ಘಟಕಗಳಲ್ಲಿ ದುಡಿಯುತ್ತಿದ್ದಾರೆ. ಭವಿಷ್ಯನಿಧಿ, ರಜೆ, ವೈದ್ಯಕೀಯ ಸೌಲಭ್ಯ, ವೇತನ ಶ್ರೇಣಿ ಇರುವ ಈ ಹುದ್ದೆಗಳಿಗೆ ಪೈಪೋಟಿ ಬಹಳ. ಆದರೆ ನೇಮಕಾತಿ ವರ್ಷ ವರ್ಷ ನಡೆಯುವುದಿಲ್ಲ. ನಡುವೆ ದೀರ್ಘ ಮೌನ, ಆಮೇಲೆ ಒಮ್ಮೆಲೇ ಅಧಿಸೂಚನೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಾದ ಮೇಲೆ ಪ್ರಯಾಣಿಕರ ಸಂಖ್ಯೆ ಏರಿತು. ತುಂಬಿದ ಬಸ್ಸಿನ ಸ್ಪ್ರಿಂಗ್ ಪಟ್ಟಿ, ಕ್ಲಚ್, ಬ್ರೇಕ್ ಲೈನಿಂಗುಗಳ ಮೇಲೆ ಬೀಳುವ ಹೊರೆ ಎಷ್ಟೆಂಬುದು ಘಟಕದವರಿಗೆ ಮಾತ್ರ ಗೊತ್ತು. ಅದೇ 2023ರ ಏಪ್ರಿಲ್‌ನಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದು ಮಾಡುವ ಕೇಂದ್ರದ ನಿಯಮ ಸಾರಿಗೆ ನಿಗಮಗಳಿಗೂ ಅನ್ವಯವಾಯಿತು. ಹಳೆಯ ಬಸ್ಸುಗಳ ದೇಹ ಬಿಚ್ಚಿ ಹೊಸದಾಗಿ ಕಟ್ಟುವ ಪುನಶ್ಚೇತನದ ಕೆಲಸವನ್ನು ಕೆಎಸ್ಸಾರ್ಟಿಸಿ ತನ್ನದೇ ಕಾರ್ಯಾಗಾರಗಳಲ್ಲಿ ಮಾಡಿ ತೋರಿಸಿದೆ. ಒಳಗಿನ ಕೈಗಳನ್ನು ನಂಬಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಲಾರಿ ಮತ್ತು ಗ್ಯಾರೇಜು

ಲಾರಿ ಲೋಕದ ಲೆಕ್ಕ ಬೇರೆ. ಒಂದೆರಡು ಗಾಡಿಯ ಮಾಲೀಕರೇ ಹೆಚ್ಚಾಗಿರುವ ಈ ಉದ್ಯಮದಲ್ಲಿ ಕಂತು, ಡೀಸೆಲ್, ಟೋಲ್, ಟೈರು ಕಳೆದು ಉಳಿಯುವುದು ಅಷ್ಟಕ್ಕಷ್ಟೆ. ಅವರಿಗೆ ಬೇಕಾದುದು ಹತ್ತಿರವಿರುವ, ಸಾಲ ಹೇಳಬಹುದಾದ, ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಬರುವ ಮೆಕ್ಯಾನಿಕ್. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಹೊರವಲಯಗಳಲ್ಲಿ ಸಾಲುಗಟ್ಟಿರುವ ಗ್ಯಾರೇಜುಗಳು ಈ ಅಗತ್ಯದಿಂದ ಹುಟ್ಟಿದವು. ಎಂಜಿನ್ ಕೆಲಸದವನು, ಪಂಪಿನವನು, ಗೇರ್‌ಬಾಕ್ಸ್–ಹೌಸಿಂಗ್ ನೋಡುವವನು, ಪಟ್ಟಿ ಕೆಲಸದವನು, ಎಲೆಕ್ಟ್ರೀಷಿಯನ್, ಟಿಂಕರ್, ಲೇತ್‌ನವನು, ಪಂಕ್ಚರಿನವನು ಎಲ್ಲರದೂ ಬೇರೆ ಬೇರೆ ಅಂಗಡಿ. ಒಂದು ಗಾಡಿ ಬಂದರೆ ಸಾಲಿನ ಆರು ಜನಕ್ಕೆ ಕೆಲಸ. ಶಿರಾಡಿ ಘಾಟಿಯ ಮೇಲೆ ಸಕಲೇಶಪುರ, ಕೆಳಗೆ ಗುಂಡ್ಯ, ನೆಲ್ಯಾಡಿಗಳಲ್ಲಿ ಕ್ಲಚ್ ಸುಟ್ಟ, ಬ್ರೇಕ್ ಕಾದು ಹಿಡಿದುಕೊಂಡ ಲಾರಿಗಳ ಆರೈಕೆಯೇ ದೊಡ್ಡ ಪಾಲು.

ವಾಣಿಜ್ಯ ವಾಹನಗಳಿಗೆ ಕಡ್ಡಾಯವಾದ ಎಫ್‌ಸಿ ಈ ಗ್ಯಾರೇಜುಗಳ ಖಾಯಂ ಆದಾಯ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅದರಾಚೆ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಅದಕ್ಕೆ ಮುಂಚೆ ಬ್ರೇಕ್, ಸ್ಟಿಯರಿಂಗ್, ದೀಪ, ಬಣ್ಣದ ಕೆಲಸ ಮುಗಿಸಬೇಕು. ತಪಾಸಣೆ ಈಗ ಯಂತ್ರಚಾಲಿತ ಕೇಂದ್ರಗಳಿಗೆ ಸಾಗುತ್ತಿದೆ. ಬ್ರೇಕಿನ ಬಲ, ಹೊಗೆಯ ಪ್ರಮಾಣ, ಹೆಡ್‌ಲೈಟಿನ ಕೋನಗಳನ್ನು ಯಂತ್ರವೇ ಅಳೆಯುವುದರಿಂದ ಬಣ್ಣ ಬಳಿದು ದಾಟಿಸುವ ಕಾಲ ಮುಗಿಯುತ್ತದೆ. ಇದು ಒಳ್ಳೆಯ ಮೆಕ್ಯಾನಿಕ್‌ಗೆ ಶುಭ ಸುದ್ದಿ.

ಗ್ಯಾರೇಜಿನ ಭಾಗ್ಯ ಸುತ್ತಲ ಆರ್ಥಿಕತೆಗೆ ಕಟ್ಟಿಕೊಂಡಿರುತ್ತದೆ. ಇದಕ್ಕೆ ಬಳ್ಳಾರಿ ಸೀಮೆಯೇ ಸಾಕ್ಷಿ. 2000ದ ದಶಕದಲ್ಲಿ ಕಬ್ಬಿಣದ ಅದಿರಿನ ಬೇಡಿಕೆ ಏರಿದಾಗ ಸಂಡೂರು, ಹೊಸಪೇಟೆ ಭಾಗದಲ್ಲಿ ಸಾಲ ಮಾಡಿ ಲಾರಿ ಕೊಂಡವರು ಅಸಂಖ್ಯ. ಕೆಂಪು ದೂಳಿನಲ್ಲಿ ಹಗಲಿರುಳು ಓಡಿದ ಆ ಗಾಡಿಗಳ ಹಿಂದೆಯೇ ಗ್ಯಾರೇಜು, ಲೇತ್, ಬಿಡಿಭಾಗದ ಅಂಗಡಿಗಳೂ ಬೆಳೆದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಆದೇಶ ವಿಸ್ತರಿಸಿತು. ಅಕ್ರಮ ಗಣಿಗಾರಿಕೆ ನಿಲ್ಲಲೇಬೇಕಿತ್ತು. ಆದರೆ ನಿಂತ ಲಾರಿಗಳ ಜೊತೆ ಏನೂ ಅಕ್ರಮ ಮಾಡದ ಮೆಕ್ಯಾನಿಕ್‌ನ ಒಲೆಯೂ ಆರಿತು. ಒಂದೇ ಸರಕನ್ನು ನಂಬಿದ ಊರಿನಲ್ಲಿ ಗ್ಯಾರೇಜು ತೆರೆಯುವವರು ಈ ಪಾಠ ಮರೆಯಬಾರದು.

ದೊಡ್ಡ ಸಾಗಣೆ ಕಂಪನಿಗಳು ತಮ್ಮದೇ ಕಾರ್ಯಾಗಾರ ಇಟ್ಟುಕೊಳ್ಳುತ್ತವೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಹುಬ್ಬಳ್ಳಿ ಬಳಿಯ ವರೂರಿನಲ್ಲಿ ಕಟ್ಟಿಕೊಂಡ ಕಾರ್ಯಾಗಾರ ಇದಕ್ಕೆ ಹತ್ತಿರದ ನಿದರ್ಶನ. ಇಂಥ ಕಡೆ ಸಂಬಳ ನಿಶ್ಚಿತ. ಒಂದೇ ಬಗೆಯ ಗಾಡಿಗಳು ನೂರಾರು ಇರುವುದರಿಂದ ಕಲಿಕೆಯೂ ಆಳವಾಗಿರುತ್ತದೆ.

ಬಿಎಸ್-6ರ ನಂತರ

ಹೊಗೆ ನಿಯಮಗಳು 2000ದಿಂದ ಹಂತ ಹಂತವಾಗಿ ಬಿಗಿಯಾದವು. ದೇಶಕ್ಕೆಲ್ಲ ಬಿಎಸ್-3 ಬಂದುದು 2010ರಲ್ಲಿ, ಬಿಎಸ್-4 ಬಂದುದು 2017ರಲ್ಲಿ. ಐದನೆಯ ಹಂತವನ್ನು ಬಿಟ್ಟು 2020ರಲ್ಲಿ ನೇರವಾಗಿ ಬಿಎಸ್-6 ತರಲಾಯಿತು. ಡೀಸೆಲಿನಲ್ಲಿನ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಭಾರಿ ಎಂಜಿನ್ನುಗಳ ನೈಟ್ರೋಜನ್ ಆಕ್ಸೈಡ್ ಮಿತಿ ಕಿಲೋವಾಟ್ ಗಂಟೆಗೆ 3.5 ಗ್ರಾಂನಿಂದ 0.4 ಗ್ರಾಂ ಆಯಿತು. ಇಷ್ಟು ಕಡಿತ ಎಂಜಿನ್ನಿನ ಒಳಗೇ ಸಾಧ್ಯವಿಲ್ಲ. ಹೊಗೆಕೊಳವೆಯಲ್ಲಿ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯನ್ನೇ ಕಟ್ಟಬೇಕಾಯಿತು.

ಆ ಕಾರ್ಖಾನೆಯ ಭಾಗಗಳು ಇಂದಿನ ಮೆಕ್ಯಾನಿಕ್‌ಗೆ ನಿತ್ಯದ ಸಂಗಾತಿಗಳು. ಮೊದಲು ಬರುವ ಡಿಒಸಿ ಇಂಗಾಲದ ಮಾನಾಕ್ಸೈಡ್ ಮತ್ತು ಉರಿಯದ ಇಂಧನವನ್ನು ಸುಡುತ್ತದೆ. ಅದರ ಹಿಂದಿನ ಡಿಪಿಎಫ್ ಮಸಿಯನ್ನು ಹಿಡಿದಿಡುತ್ತದೆ. ಮಸಿ ತುಂಬಿದಾಗ ಉಷ್ಣತೆ ಏರಿಸಿ ಅದನ್ನು ಸುಟ್ಟು ಹಾಕಬೇಕು, ಇದೇ ‘ರೀಜನರೇಷನ್’. ಕೊನೆಗೆ ಎಸ್‌ಸಿಆರ್ ಘಟಕ. ಇಲ್ಲಿ ಶೇ 32.5 ಯೂರಿಯಾ ಇರುವ ಡಿಇಎಫ್ ದ್ರಾವಣ ಚಿಮ್ಮಿ ನೈಟ್ರೋಜನ್ ಆಕ್ಸೈಡನ್ನು ನಿರಪಾಯಕಾರಿ ನೈಟ್ರೋಜನ್ ಮತ್ತು ನೀರಾವಿಯಾಗಿ ಮಾರ್ಪಡಿಸುತ್ತದೆ. ಡಿಇಎಫ್ ಖಾಲಿಯಾದರೆ, ಕಳಪೆಯಾದರೆ, ಸೆನ್ಸರ್ ಕೆಟ್ಟರೆ ಎಂಜಿನ್ ತಾನಾಗಿ ಶಕ್ತಿ ಕುಗ್ಗಿಸಿಕೊಳ್ಳುತ್ತದೆ. ಲೋಡು ತುಂಬಿದ ಲಾರಿ ಏರಿನಲ್ಲಿ ತೆವಳತೊಡಗುತ್ತದೆ. ಇನ್ನು ಇಂಧನದ ಕಡೆ ಹಳೆಯ ಪಂಪಿನ ಜಾಗವನ್ನು ಕಾಮನ್ ರೈಲ್ ಹಿಡಿದಿದೆ. ಅದರಲ್ಲಿ ಒತ್ತಡ 1,600 ಬಾರ್ ಮೀರುವುದು ಸಾಮಾನ್ಯ. ಇಂಧನ ಯಾವಾಗ ಎಷ್ಟು ಬೀಳಬೇಕೆಂದು ನಿರ್ಧರಿಸುವುದು ಇಸಿಎಂ ಎಂಬ ಪುಟ್ಟ ಗಣಕ.

ಇದರಿಂದ ಕೆಲಸದ ಕ್ರಮವೇ ಬದಲಾಯಿತು. ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ, ಆಯಿಲ್ ಬೆರಳಿಗೆ ತಾಗಿಸಿ ರೋಗ ಹೇಳುತ್ತಿದ್ದ ಉಸ್ತಾದ್ ಇಂದು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಬೇಕು. ಕೋಡ್ ಎಂದರೆ ರೋಗದ ಹೆಸರಲ್ಲ, ಅದೊಂದು ಲಕ್ಷಣ ಅಷ್ಟೇ. ನೈಟ್ರೋಜನ್ ಆಕ್ಸೈಡ್ ಅಳೆಯುವ ಎನ್‌ಒಎಕ್ಸ್ ಸೆನ್ಸರಿನ ಕೋಡ್ ಬಂದಾಗ ಕೆಟ್ಟಿರುವುದು ಸೆನ್ಸರೇ ಇರಬಹುದು, ಇಲಿ ಕಡಿದ ವೈರು ಇರಬಹುದು, ಹರಳುಗಟ್ಟಿದ ಡಿಇಎಫ್ ನಾಜಲ್ ಇರಬಹುದು, ನೀರು ಬೆರೆತ ಡಿಇಎಫ್ ಇರಬಹುದು. ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಪರೀಕ್ಷಿಸುವ ತಾಳ್ಮೆ ಇಲ್ಲದವರು ದುಬಾರಿ ಭಾಗಗಳನ್ನು ಸುಮ್ಮನೆ ಬದಲಿಸುತ್ತಾ ಹೋಗುತ್ತಾರೆ. ನಷ್ಟ ಮಾಲೀಕನ ತಲೆಗೆ. ಹಳೆಯ ಅನುಭವ ಇಲ್ಲಿ ವ್ಯರ್ಥವಾಗುವುದಿಲ್ಲ. ಎಂಜಿನ್ ಹೇಗೆ ಉಸಿರಾಡುತ್ತದೆ ಎಂದು ಬಲ್ಲವನೇ ಕೋಡಿನ ಹಿಂದಿನ ಕಾರಣವನ್ನು ಬೇಗ ಹಿಡಿಯುತ್ತಾನೆ. ಕಿವಿ ಪಳಗಿದ ಹಿರಿಯನನ್ನೂ ಸ್ಕ್ಯಾನರ್ ಬಲ್ಲ ಹುಡುಗನನ್ನೂ ಒಟ್ಟಿಗೆ ಕೂರಿಸಿದ ಗ್ಯಾರೇಜುಗಳು ಈ ಕಾಲದಲ್ಲಿ ಗೆಲ್ಲುತ್ತಿವೆ.

ಹೊಸ ಲಾರಿಗಳಲ್ಲಿ ಕೆಲಸ ಬೀಳುವ ಬಗೆಯೂ ಬೇರೆ. ಹಿಂದೆ ಹತ್ತರಿಂದ ಹದಿನೆಂಟು ಸಾವಿರ ಕಿ.ಮೀ.ಗೆ ಆಯಿಲ್ ಬದಲಿಸುತ್ತಿದ್ದರೆ ಇಂದಿನ ಭಾರಿ ಗಾಡಿಗಳು ಅದರ ಹಲವು ಪಟ್ಟು ದೂರ ಓಡುತ್ತವೆ. ಟಾಟಾ ತನ್ನ ಭಾರಿ ಲಾರಿಗಳಿಗೆ 6 ವರ್ಷ ಅಥವಾ 6 ಲಕ್ಷ ಕಿ.ಮೀ. ವಾರಂಟಿ ಕೊಟ್ಟಿದೆ. ವಾರ್ಷಿಕ ಪೋಷಣೆಯ ಒಪ್ಪಂದವನ್ನೂ ಕಂಪನಿಗಳೇ ಮಾರುತ್ತವೆ. ಹೀಗಾಗಿ ಹೊಸ ಗಾಡಿಯ ಮೊದಲ ಐದಾರು ವರ್ಷ ಅಧಿಕೃತ ಕೇಂದ್ರಗಳ ಪಾಲು. ಖಾಸಗಿ ಗ್ಯಾರೇಜಿಗೆ ಅದು ಸಿಗುವುದು ಎರಡನೆಯ ಮಾಲೀಕನ ಕೈ ಸೇರಿದ ಮೇಲೆ. 2020–21ರಲ್ಲಿ ಮಾರಾಟವಾದ ಬಿಎಸ್-6 ಲಾರಿಗಳು ಈಗ ಆ ಹಂತಕ್ಕೆ ಬರುತ್ತಿವೆ. ಅಂದರೆ ಹೆದ್ದಾರಿ ಗ್ಯಾರೇಜಿನ ನಿಜವಾದ ಪರೀಕ್ಷೆ ಈಗ ಶುರುವಾಗಿದೆ. ಕಂಪನಿಯ ಮೂಲ ಸಾಫ್ಟ್‌ವೇರ್ ಹೊರಗಿನವರಿಗೆ ಸುಲಭಕ್ಕೆ ಸಿಗುವುದಿಲ್ಲ. ಎಲ್ಲ ಕಂಪನಿಯ ಗಾಡಿಗೂ ಹೊಂದುವ ಸ್ಕ್ಯಾನರ್ ಕೊಳ್ಳಲು ಸಣ್ಣ ಗ್ಯಾರೇಜಿಗೆ ಶಕ್ತಿಯಿಲ್ಲ. ಈ ಕೊರತೆಯಿಂದ ಒಂದು ಕೆಟ್ಟ ದಂಧೆ ಹುಟ್ಟಿದೆ: ಸೆನ್ಸರಿಗೆ ಸುಳ್ಳು ಸಂಕೇತ ಕೊಟ್ಟು ಡಿಇಎಫ್ ವ್ಯವಸ್ಥೆಯನ್ನೇ ಬೈಪಾಸ್ ಮಾಡುವುದು. ಇದು ನಿಯಮಬಾಹಿರ, ಇದರ ವಿಷ ಮೊದಲು ಹೊಗುವುದು ಆ ಗ್ಯಾರೇಜಿನವರ ಶ್ವಾಸಕೋಶಕ್ಕೇ. ದುರಸ್ತಿ ಮಾಹಿತಿಯನ್ನು ನ್ಯಾಯವಾದ ಬೆಲೆಗೆ ಎಲ್ಲ ಮೆಕ್ಯಾನಿಕ್‌ಗಳಿಗೂ ಒದಗಿಸುವಂತೆ ಕಂಪನಿಗಳನ್ನು ಕಟ್ಟುಪಾಡಿಗೆ ಒಳಪಡಿಸದೆ ಈ ದಂಧೆ ನಿಲ್ಲದು.

ಎಂಜಿನ್ನಿನ ಹೊರಗೂ ಕೆಲಸ ಹೆಚ್ಚಿದೆ. 2019ರಿಂದ ಹೊಸ ಸಾರ್ವಜನಿಕ ಪ್ರಯಾಣಿಕ ವಾಹನಗಳಿಗೆ ಸ್ಥಳಸೂಚಿ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯವಾದವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ, ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ. ಚಾಲಕನಿಗೆ ತಂಪು, ಎ.ಸಿ. ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಹೊಸ ಆದಾಯ.

ವಿದ್ಯುತ್ ಬಸ್ಸು ತಂದ ಪ್ರಶ್ನೆ

ಬಿಎಂಟಿಸಿಯಲ್ಲಿ 2021ರ ಕೊನೆಗೆ ವಿದ್ಯುತ್ ಬಸ್ಸುಗಳ ಸಂಚಾರ ಆರಂಭವಾಯಿತು. 2023ರಲ್ಲಿ ಕೆಎಸ್ಸಾರ್ಟಿಸಿಯ ಅಂತರನಗರ ಮಾರ್ಗಗಳಿಗೂ ಅವು ಬಂದವು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಸುಮಾರು 4,500 ವಿದ್ಯುತ್ ಬಸ್ಸು ಕೊಡುವುದಾಗಿ 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದೆ. ಈ ಬಸ್ಸುಗಳಲ್ಲಿ ಎಂಜಿನ್ ಆಯಿಲ್ ಇಲ್ಲ, ಇಂಜೆಕ್ಟರ್ ಇಲ್ಲ, ಡಿಪಿಎಫ್ ಇಲ್ಲ. ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ ಉತ್ಪಾದಿಸುವುದರಿಂದ ಬ್ರೇಕ್ ಲೈನಿಂಗ್ ಕೂಡ ನಿಧಾನ ಸವೆಯುತ್ತದೆ. ಆದರೂ ಏರ್ ಬ್ರೇಕ್, ಸ್ಟಿಯರಿಂಗ್, ಏರ್ ಸಸ್ಪೆನ್ಷನ್, ಹಬ್, ಟೈರು, ಬಾಗಿಲು, ಎ.ಸಿ., ಬಾಡಿ ಎಲ್ಲ ಇದ್ದೇ ಇವೆ. ನೂರಾರು ವೋಲ್ಟಿನ ಬ್ಯಾಟರಿಯ ಬಳಿ ಕೆಲಸ ಮಾಡಲು ಪ್ರತ್ಯೇಕ ತರಬೇತಿ, ವಿದ್ಯುತ್ ನಿರೋಧಕ ಕೈಗವಸು, ಸಂಪರ್ಕ ಕಡಿದು ಬೀಗ ಹಾಕುವ ಶಿಸ್ತು ಬೇಕು. ಚೆನ್ನಾಗಿ ತರಬೇತಾದ ಡೀಸೆಲ್ ಮೆಕ್ಯಾನಿಕ್ ಇದನ್ನೆಲ್ಲ ಕಲಿಯಬಲ್ಲ.

ಅಡ್ಡಿಯಿರುವುದು ಒಪ್ಪಂದದಲ್ಲಿ. ವಿದ್ಯುತ್ ಬಸ್ಸುಗಳನ್ನು ನಿಗಮಗಳು ಹೆಚ್ಚಾಗಿ ಕೊಳ್ಳುವುದಿಲ್ಲ. ಕಿಲೋಮೀಟರಿಗೆ ಇಷ್ಟು ಎಂದು ಕಂಪನಿಗೆ ಹಣ ಕೊಟ್ಟು ಓಡಿಸುತ್ತವೆ. ಬಸ್ಸು ಕಂಪನಿಯದು, ಚಾಲಕ ಕಂಪನಿಯವನು, ಪೋಷಣೆಯೂ ಕಂಪನಿಯದೇ. ನಿಗಮದ ಹೆಸರು ಹೊತ್ತ ಬಸ್ಸು ನಿಗಮದ ಘಟಕದಲ್ಲೇ ನಿಂತರೂ ನಿಗಮದ ತಾಂತ್ರಿಕ ಸಹಾಯಕ ಅದರ ಬೋಲ್ಟ್ ಮುಟ್ಟುವಂತಿಲ್ಲ. ಹತ್ತು ಹನ್ನೆರಡು ವರ್ಷದ ಇಂಥ ಒಪ್ಪಂದಗಳು ಒಂದರ ಮೇಲೊಂದು ಸೇರಿದಂತೆ ಡೀಸೆಲ್ ಬಸ್ಸುಗಳು ಗುಜರಿಗೆ ಹೋಗುತ್ತವೆ, ಅವುಗಳ ಜೊತೆ ತಾಂತ್ರಿಕ ಹುದ್ದೆಗಳೂ ನಿವೃತ್ತಿಯಲ್ಲಿ ಕರಗುತ್ತವೆ. ಬಸ್ ಮೆಕ್ಯಾನಿಕ್ ವೃತ್ತಿಗೆ ಬಂದಿರುವ ದೊಡ್ಡ ಅಪಾಯ ಇದೇ.

ರೈಲ್ವೆಯ ಅನುಭವ ಬೇರೆ ದಾರಿ ತೋರಿಸುತ್ತದೆ. ಹುಬ್ಬಳ್ಳಿ ಮತ್ತು ಬೆಂಗಳೂರಿನ ಕೃಷ್ಣರಾಜಪುರದ ಲೋಕೊ ಶೆಡ್‌ಗಳು ದಶಕಗಟ್ಟಲೆ ಡೀಸೆಲ್ ಎಂಜಿನ್ನುಗಳ ತವರಾಗಿದ್ದವು. ಹಳಿಗಳ ವಿದ್ಯುದೀಕರಣ ವೇಗವಾಗಿ ನಡೆದಾಗ ಅವನ್ನು ಮುಚ್ಚಲಿಲ್ಲ. ಅದೇ ಶೆಡ್‌ಗಳಿಗೆ ವಿದ್ಯುತ್ ಎಂಜಿನ್ನುಗಳ ಪೋಷಣೆಯನ್ನೂ ವಹಿಸಲಾಯಿತು. ಮಾಲೀಕತ್ವವೂ ಪೋಷಣೆಯೂ ಒಂದೇ ಸಂಸ್ಥೆಯಲ್ಲಿದ್ದುದರಿಂದ ಇದು ಸಾಧ್ಯವಾಯಿತು. ಬಸ್ಸಿನ ವಿಷಯದಲ್ಲಿ ನಾವು ಆ ಕೊಂಡಿಯನ್ನು ಕಡಿದುಕೊಳ್ಳುತ್ತಿದ್ದೇವೆ.

ಲಾರಿಗಳ ಮಾತು ಹೀಗಲ್ಲ. ದೂರ ಪ್ರಯಾಣಕ್ಕೆ ಬೇಕಾದ ಬ್ಯಾಟರಿಯ ತೂಕ, ಬೆಲೆ, ಹೆದ್ದಾರಿಯಲ್ಲಿ ಚಾರ್ಜಿಂಗ್ ಕೊರತೆ ಇವೆಲ್ಲ ಸದ್ಯಕ್ಕೆ ಅಡ್ಡಿ. ಬಂದರು, ಸಿಮೆಂಟ್, ಉಕ್ಕಿನ ಕಾರ್ಖಾನೆಗಳ ಹತ್ತಿರದ ಓಡಾಟಕ್ಕೆ ವಿದ್ಯುತ್ ಲಾರಿ ಮೊದಲು ಬರುತ್ತದೆ. ಸಿಎನ್‌ಜಿ, ಎಲ್‌ಎನ್‌ಜಿ ಗಾಡಿಗಳೂ ಹೆಚ್ಚುತ್ತವೆ. ಆದರೆ ಇಂದು ಷೋರೂಮಿನಿಂದ ಹೊರಬೀಳುವ ಡೀಸೆಲ್ ಲಾರಿ ಹದಿನೈದು ವರ್ಷ ದುಡಿದರೂ 2040 ದಾಟುತ್ತದೆ. ಈಗ ಇಪ್ಪತ್ತು ವರ್ಷದವನಿರುವ ಮೆಕ್ಯಾನಿಕ್‌ನ ದುಡಿಮೆಯ ಮೊದಲರ್ಧಕ್ಕೆ ಡೀಸೆಲ್ ಲಾರಿ ಸಾಕು. ಉಳಿದರ್ಧಕ್ಕೆ ಬೇರೆ ವಿದ್ಯೆಯೂ ಬೇಕು.

ಕಲಿಕೆಯ ದಾರಿಗಳು

1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳಲ್ಲಿ ‘ಮೆಕ್ಯಾನಿಕ್ ಡೀಸೆಲ್’ ಒಂದು ವರ್ಷದ ಕೋರ್ಸ್. ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎರಡು ವರ್ಷದ್ದು. ಎರಡಕ್ಕೂ ಹತ್ತನೆಯ ತರಗತಿ ಪಾಸಾಗಿರಬೇಕು. ಬೇಗ ದುಡಿಮೆಗೆ ಇಳಿಯಬೇಕಾದ ಬಡ ಮನೆಯ ಹುಡುಗರು ಒಂದು ವರ್ಷದ್ದನ್ನು ಆರಿಸುತ್ತಾರೆ. ಆದರೆ ಎರಡು ವರ್ಷದ ಕೋರ್ಸ್ ವಾಹನದ ಎಲ್ಲ ಅಂಗಗಳನ್ನೂ ಪರಿಚಯಿಸುತ್ತದೆ, ಅದನ್ನು ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವೂ ಇದೆ. ಸಾಧ್ಯವಿದ್ದವರು ಇದನ್ನೇ ಆರಿಸುವುದು ಮೇಲು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರೋಪಕರಣಗಳೊಡನೆ ಮೇಲ್ದರ್ಜೆಗೇರಿಸಿದೆ. ವಿದ್ಯುತ್ ವಾಹನದ ಪಾಠಗಳೂ ಸೇರಿವೆ. ಯಂತ್ರ ಬಂದರೆ ಸಾಲದು. ಬಿಎಸ್-6 ಎಂಜಿನ್ನನ್ನು ತಾನೇ ಬಿಚ್ಚಿ ಜೋಡಿಸಿದ ಬೋಧಕ ಬೇಕು.

1961ರ ಅಪ್ರೆಂಟಿಸ್ ಕಾಯ್ದೆಯಡಿ ಸಾರಿಗೆ ನಿಗಮಗಳೂ ಕಂಪನಿಗಳೂ ಐಟಿಐ ಮುಗಿಸಿದವರಿಗೆ ಶಿಷ್ಯವೇತನದೊಡನೆ ತರಬೇತಿ ಕೊಡುತ್ತವೆ. ಘಟಕದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆದವನು ನೋಡುವಷ್ಟು ಬಗೆಯ ದೋಷಗಳನ್ನು ತರಗತಿಯಲ್ಲಿ ಕುಳಿತು ನೋಡಲಾಗದು. ಶಾಲೆಯ ಮುಖ ಕಾಣದೆ ಗ್ಯಾರೇಜಿನಲ್ಲೇ ಬೆಳೆದ ಮೆಕ್ಯಾನಿಕ್‌ಗಳಿಗೆ, ಇರುವ ಕೌಶಲ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಹದಿನಾಲ್ಕು ದಾಟದ ಮಕ್ಕಳನ್ನು ದುಡಿಸುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಗ್ಯಾರೇಜಿನ ‘ಚಿಕ್ಕ ಹುಡುಗ’ನಾಗಿ ಬೈಗುಳದಲ್ಲಿ ವಿದ್ಯೆ ಕಲಿಯುವ ಆ ದಾರಿ ಮುಚ್ಚಿದ್ದು ಸರಿಯಾಗಿದೆ.

ಹೊರದೇಶದ ಕಡೆ ನೋಡುವವರಿಗೂ ಅವಕಾಶಗಳಿವೆ. ಕರಾವಳಿಯ ಅನೇಕ ಮೆಕ್ಯಾನಿಕ್‌ಗಳು ಕೊಲ್ಲಿ ದೇಶಗಳ ಬಸ್, ಲಾರಿ, ಮಣ್ಣು ತೆಗೆಯುವ ಯಂತ್ರಗಳ ಕಾರ್ಯಾಗಾರಗಳಲ್ಲಿ ದುಡಿದಿದ್ದಾರೆ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಭಾರಿ ವಾಹನದ ಡೀಸೆಲ್ ಮೆಕ್ಯಾನಿಕ್ ಮಾನ್ಯತೆ ಪಡೆದ ಕುಶಲ ವೃತ್ತಿ. ಅನುಭವದ ದಾಖಲೆ, ಇಂಗ್ಲಿಷ್ ಪರೀಕ್ಷೆ, ಅಲ್ಲಿನ ವೃತ್ತಿ ಪರೀಕ್ಷೆ ದಾಟಬೇಕು. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತ ಏಜೆಂಟರ ಮೂಲಕ ಮಾತ್ರ ಹೋಗಬೇಕು. ಊರಲ್ಲೇ ಇರುವವರಿಗೆ ಜನರೇಟರ್, ಟ್ರ್ಯಾಕ್ಟರ್, ಜೆಸಿಬಿ, ಬೋರ್‌ವೆಲ್ ಲಾರಿ, ಮಲ್ಪೆ–ಮಂಗಳೂರಿನ ಮೀನುಗಾರಿಕಾ ದೋಣಿಗಳ ಎಂಜಿನ್ ಎಲ್ಲವೂ ಇದೇ ವಿದ್ಯೆಯ ಕವಲುಗಳು.

ಆರೋಗ್ಯ, ಭದ್ರತೆ

ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಘೋಷಿಸಿತು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು, ಬ್ರೇಕ್ ದೂಳನ್ನು ಗಾಳಿ ಹೊಡೆದು ಹಾರಿಸುವುದು, ಬಳಸಿದ ಆಯಿಲಿನಲ್ಲಿ ಬರಿಗೈ ಅದ್ದುವುದು ನಮ್ಮ ಗ್ಯಾರೇಜುಗಳಲ್ಲಿ ನಿತ್ಯದ ನೋಟ. ಕಾಮನ್ ರೈಲಿನ ಸೋರಿಕೆ ಹುಡುಕಲು ಬೆರಳಿಡುವುದಂತೂ ಜೀವಕ್ಕೇ ಎರವಾಗಬಹುದು; ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳನುಗ್ಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು. ಜಾಕ್ ಒಂದನ್ನೇ ನಂಬಿ ಗಾಡಿಯಡಿ ಮಲಗಬಾರದು, ಸ್ಟ್ಯಾಂಡ್ ಇಡಲೇಬೇಕು.

ಗ್ಯಾರೇಜು ಕೆಲಸಗಾರರಿಗೆ ಇಎಸ್‌ಐ, ಪಿಎಫ್ ದೊರೆಯುವುದು ಅಪರೂಪ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2024ರಲ್ಲಿ ಕಾಯ್ದೆ ತಂದು ಕಲ್ಯಾಣ ಮಂಡಳಿ ರಚಿಸಿದೆ. ಚಾಲಕರು, ಕ್ಲೀನರ್‌ಗಳ ಜೊತೆ ಗ್ಯಾರೇಜು ಕೆಲಸಗಾರರೂ ಇದರ ವ್ಯಾಪ್ತಿಗೆ ಬರುತ್ತಾರೆ. ನೋಂದಣಿ ಮಾಡಿಸಿಕೊಳ್ಳದವನಿಗೆ ಕಾಯ್ದೆಯಿಂದ ಪ್ರಯೋಜನವಿಲ್ಲ.

ಮುನ್ನೋಟ

ಲಾರಿ ಕಡೆ ಬೇಡಿಕೆ ಗಟ್ಟಿಯಾಗಿದೆ, ಅದರಲ್ಲೂ ಬಿಎಸ್-6 ದೋಷ ಪತ್ತೆ ಬಲ್ಲವರಿಗೆ. ಬಿಚ್ಚಿ ಜೋಡಿಸುವುದಷ್ಟನ್ನೇ ಬಲ್ಲವರ ಕೂಲಿ ಏರುವುದು ಕಷ್ಟ. ಬಸ್ಸಿನ ಕಡೆ ನಿಗಮದ ಹುದ್ದೆಗಳು ಕ್ರಮೇಣ ಕುಗ್ಗಿ ಗುತ್ತಿಗೆ ಕಂಪನಿಗಳ ಹುದ್ದೆಗಳು ಹೆಚ್ಚುವ ಲಕ್ಷಣಗಳಿವೆ. ಈಗ ವೃತ್ತಿಗೆ ಬರುವವರು ಡೀಸೆಲಿನ ಜೊತೆಗೇ ಆಟೊ ಎಲೆಕ್ಟ್ರಿಕಲ್ ವಿದ್ಯೆ ಕಲಿಯಬೇಕು; ವೈರಿಂಗ್ ನಕ್ಷೆ ಓದಲು ಬಂದವನು ಡೀಸೆಲ್, ಸಿಎನ್‌ಜಿ, ವಿದ್ಯುತ್ ಮೂರರಲ್ಲೂ ಬದುಕುತ್ತಾನೆ. ಸರ್ಕಾರ ಮಾಡಬೇಕಾದುದೂ ಒಂದಿದೆ. ಮುಂದೆ ಬರೆಯುವ ಪ್ರತಿಯೊಂದು ವಿದ್ಯುತ್ ಬಸ್ ಒಪ್ಪಂದದಲ್ಲೂ ನಿಗಮದ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಡಬೇಕು, ಪೋಷಣೆಯ ಒಂದು ಪಾಲು ಅವರಿಗೆ ಬಿಡಬೇಕು, ಒಪ್ಪಂದ ಮುಗಿದಾಗ ಬಸ್ಸುಗಳನ್ನು ನೋಡಿಕೊಳ್ಳುವ ಶಕ್ತಿ ಘಟಕದಲ್ಲೇ ಉಳಿದಿರಬೇಕು ಎಂಬ ಷರತ್ತುಗಳನ್ನು ಸೇರಿಸಬೇಕು.